ಕರುವಿಗೆ ಇರುವ ಗಮನ ಕಂದನಿಗೂ ಇರಲಿ



ಹಸು ಕರು ಹಾಕಿದ ಒಂದು ಗಂಟೆಯೊಳಗೆ ಕರುವಿಗೆ ಗಿಣ್ಣು ಹಾಲು ಕುಡಿಸಬೇಕು. ಮಾಸು ಬೀಳಲಿ ಎಂದು ಕಾಯಬಾರದು. ಇದನ್ನು ನಿಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಗಿಣ್ಣು ತಪ್ಪಿದ ಕರುವಿಗೆ ಭೇದಿ ಬರುತ್ತದೆ, ಮೈ ಹಿಡಿಯುವುದಿಲ್ಲ, ಕಡಸಾಗುವ ಹೊತ್ತಿಗೂ ಅದು ಹಿಂದೆಯೇ ಉಳಿಯುತ್ತದೆ ಎನ್ನುವುದು ನೀವು ಕಣ್ಣಾರೆ ಕಂಡ ಮಾತು.

ಈಗ ಇನ್ನೊಂದು ಲೆಕ್ಕ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ಕರ್ನಾಟಕದಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆಹಾಲು ಕುಡಿದ ಮಕ್ಕಳು ನೂರಕ್ಕೆ 49 ಮಾತ್ರ. ಉಳಿದ ಅರ್ಧದಷ್ಟು ಮಕ್ಕಳಿಗೆ ಆ ಮೊದಲ ಗಂಟೆ ಕಳೆದುಹೋಯಿತು. ಕರುವಿಗೆ ತಪ್ಪಿಸದ ಗಿಣ್ಣನ್ನು ಎಷ್ಟೋ ಮನೆಗಳಲ್ಲಿ ಕಂದನಿಗೆ ತಪ್ಪಿಸುತ್ತಿದ್ದೇವೆ.

ಅದೇ ಸಮೀಕ್ಷೆ ಇನ್ನೂ ಕೆಲವು ಸಂಗತಿಗಳನ್ನು ಹೇಳುತ್ತದೆ. ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ಸುಮಾರು 33 ಮಕ್ಕಳಿಗೆ ವಯಸ್ಸಿಗೆ ತಕ್ಕ ತೂಕವಿಲ್ಲ. ಸುಮಾರು 20 ಮಕ್ಕಳು ಎತ್ತರಕ್ಕೆ ತಕ್ಕ ತೂಕವಿಲ್ಲದೆ ಸೊರಗಿದ್ದಾರೆ. ದೇಶದ ಸರಾಸರಿಯೂ ಹೆಚ್ಚು ಕಡಿಮೆ ಇಷ್ಟೇ. ಹಾಲು ಉತ್ಪಾದನೆಯಲ್ಲಿ ಜಗತ್ತಿಗೇ ಮೊದಲ ಸ್ಥಾನದಲ್ಲಿರುವ ದೇಶ ನಮ್ಮದು. ಹಾಗಾದರೆ ಮಕ್ಕಳು ಸೊರಗುವುದೇಕೆ?

ಒಂದು ಮನೆಯ ಚಿತ್ರ

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಇದು ಯಾರೋ ಒಬ್ಬರ ಮನೆಯಲ್ಲ, ಹಲವು ಮನೆಗಳನ್ನು ಸೇರಿಸಿ ಬರೆದ ಚಿತ್ರ.

ಎರಡು ಮಿಶ್ರತಳಿ ಹಸು. ದಿನಕ್ಕೆ 14 ಲೀಟರ್ ಹಾಲು ಡೇರಿಗೆ ಹೋಗುತ್ತದೆ. ಮನೆಯಲ್ಲಿ ರಾಗಿ ಇದೆ, ಅಕ್ಕಿ ಇದೆ. ಉಪವಾಸ ಎನ್ನುವ ಮಾತೇ ಇಲ್ಲ. ಆದರೆ ಒಂದೂವರೆ ವರ್ಷದ ಹೆಣ್ಣುಮಗುವಿನ ತೂಕ 7.8 ಕೆ.ಜಿ., ಎತ್ತರ 74 ಸೆಂ.ಮೀ. ಈ ವಯಸ್ಸಿಗೆ ಸುಮಾರು 10 ಕೆ.ಜಿ. ತೂಕ, 80 ಸೆಂ.ಮೀ. ಎತ್ತರ ಇರಬೇಕಿತ್ತು.

ಅಜ್ಜಿ ಹೇಳುತ್ತಾರೆ, "ನಮ್ಮ ವಂಶವೇ ಕುಳ್ಳು ಬಿಡಮ್ಮ, ಮಗು ಆಟ ಆಡಿಕೊಂಡಿದೆಯಲ್ಲ." ಇನ್ಯಾರೋ ದೃಷ್ಟಿಯಾಗಿದೆ ಎನ್ನುತ್ತಾರೆ, ಬಾಲಗ್ರಹ ಎಂದು ತಾಯಿತ ಕಟ್ಟಿಸುತ್ತಾರೆ.

ವಂಶದ ಮಾತಿಗೆ ಉತ್ತರವಿದೆ. ವಿಶ್ವ ಆರೋಗ್ಯ ಸಂಸ್ಥೆಯವರು ಭಾರತ, ಘಾನಾ, ಒಮಾನ್, ಬ್ರೆಜಿಲ್, ನಾರ್ವೆ ಮತ್ತು ಅಮೆರಿಕ, ಈ ಆರು ದೇಶಗಳಲ್ಲಿ ಎದೆಹಾಲು, ಒಳ್ಳೆಯ ಆಹಾರ, ಶುಚಿತ್ವ, ಆರೈಕೆ ಸಿಕ್ಕ ಮಕ್ಕಳನ್ನು ಅಳೆದು ನೋಡಿದರು. ಐದು ವರ್ಷದವರೆಗೆ ಆ ಮಕ್ಕಳೆಲ್ಲ ಬಹುತೇಕ ಒಂದೇ ರೀತಿ ಬೆಳೆದಿದ್ದರು. ಆ ಅಳತೆಯನ್ನೇ 2006ರಲ್ಲಿ ಜಗತ್ತಿಗೆಲ್ಲ ಮಾದರಿಯಾಗಿ ಕೊಟ್ಟರು. ನಿಮ್ಮ ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ಗೆರೆಗಳು ಅವೇ. ಅಪ್ಪ ಅಮ್ಮನ ಎತ್ತರ ಮಗುವಿಗೆ ಸ್ವಲ್ಪ ಬರಬಹುದು. ಆದರೆ ನೂರಕ್ಕೆ 35 ಮಕ್ಕಳು ಕುಳ್ಳಾಗುವುದಕ್ಕೆ ವಂಶ ಕಾರಣವಲ್ಲ.

ಹಾಗಾದರೆ ಈ ಮನೆಯ ಮಗು ಎಲ್ಲಿ ಹಿಂದೆ ಬಿತ್ತು? ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿ ನೋಡೋಣ.

ಹುಟ್ಟುವ ಮೊದಲೇ

ಗಬ್ಬದ ಹಸುವನ್ನು ಕರು ಹಾಕುವ ಎರಡು ತಿಂಗಳ ಮೊದಲೇ ಬತ್ತಿಸುತ್ತೀರಿ. ಹಾಲು ಕೊಡದಿದ್ದರೂ ಹಿಂಡಿ ಹೆಚ್ಚಿಗೆ ಇಡುತ್ತೀರಿ, ಖನಿಜ ಮಿಶ್ರಣ ಕೊಡುತ್ತೀರಿ. ಹೊಟ್ಟೆಯಲ್ಲಿ ಕರು ಬೆಳೆಯುವುದೇ ಆ ಕೊನೆಯ ತಿಂಗಳುಗಳಲ್ಲಿ ಎಂದು ನಿಮಗೆ ಗೊತ್ತು.

ಈ ಮನೆಯ ಸೊಸೆಗೆ ಅಂಥ ವಿಶ್ರಾಂತಿ ಸಿಕ್ಕಿತೇ? ಎಂಟನೇ ತಿಂಗಳಿನಲ್ಲೂ ಬೆಳಗಿನ ಜಾವ ಎದ್ದು ಸಗಣಿ ಬಾಚಿದಳು, ಹಸಿ ಮೇವಿನ ಹೊರೆ ಹೊತ್ತಳು, ಎಲ್ಲರೂ ಉಂಡ ಮೇಲೆ ಉಳಿದಿದ್ದನ್ನು ಉಂಡಳು. ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಯಾರೋ ಹೇಳಿದ್ದರು. ಮಗು 2.3 ಕೆ.ಜಿ. ತೂಕದಲ್ಲಿ ಹುಟ್ಟಿತು. ಎರಡೂವರೆ ಕೆ.ಜಿ.ಗಿಂತ ಕಡಿಮೆ ಇದ್ದರೆ ಅದು ಕಡಿಮೆ ಜನನ ತೂಕ. ಓಟ ಶುರುವಾಗುವ ಮೊದಲೇ ಮಗು ಹಿಂದೆ ಬಿದ್ದಿತ್ತು.

ಹೆಂಗಸನ್ನು ಹಸುವಿಗೆ ಹೋಲಿಸುತ್ತಿದ್ದೇವೆ ಎಂದು ತಿಳಿಯಬೇಡಿ. ಹಸುವಿಗೆ ನಾವು ಒಪ್ಪಿಕೊಂಡಿರುವ ವಿಶ್ರಾಂತಿ ಮತ್ತು ಆಹಾರವನ್ನು ಮನೆಯ ಹೆಣ್ಣುಮಗಳಿಗೂ ಒಪ್ಪಿಕೊಳ್ಳೋಣ ಎನ್ನುವುದಷ್ಟೇ ಮಾತು.

ರಕ್ತಹೀನತೆಯೂ ಇಲ್ಲಿ ದೊಡ್ಡ ಕಾರಣ. ಕರ್ನಾಟಕದಲ್ಲಿ 15ರಿಂದ 49 ವರ್ಷದ ನೂರು ಮಹಿಳೆಯರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಗರ್ಭಿಣಿಯರಿಗೆ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ಕಬ್ಬಿಣಾಂಶದ ಮಾತ್ರೆ, ಹೆರಿಗೆಯ ನಂತರವೂ 180 ಮಾತ್ರೆ ಉಚಿತವಾಗಿ ಸಿಗುತ್ತವೆ. ನಮ್ಮ ಮನೆಗಳಿಗೆ ಮುಖ್ಯವಾದ ಒಂದು ಎಚ್ಚರಿಕೆ: ಆ ಮಾತ್ರೆಯನ್ನು ಹಾಲು, ಕಾಫಿ, ಟೀ ಜೊತೆ ನುಂಗಬೇಡಿ. ಹಾಲಿನ ಸುಣ್ಣದಂಶ ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಊಟವಾದ ಮೇಲೆ ನೀರಿನಲ್ಲಿ ಅಥವಾ ನಿಂಬೆ ಪಾನಕದಲ್ಲಿ ತೆಗೆದುಕೊಳ್ಳಿ. ಹಾಲನ್ನು ಬೇರೆ ಹೊತ್ತಿನಲ್ಲಿ ಕುಡಿಯಿರಿ.

ಇನ್ನೂ ಹಿಂದಕ್ಕೆ ಹೋದರೆ ಮದುವೆಯ ವಯಸ್ಸು. ರಾಜ್ಯದ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು ಎಂದು ಅದೇ ಸಮೀಕ್ಷೆ ಹೇಳುತ್ತದೆ. ತಾನೇ ಇನ್ನೂ ಬೆಳೆಯುತ್ತಿರುವ ಹುಡುಗಿಯ ಹೊಟ್ಟೆಯಲ್ಲಿ ಮಗು ಬೆಳೆಯಬೇಕಾದರೆ ಇದ್ದ ಆಹಾರವನ್ನು ಇಬ್ಬರೂ ಹಂಚಿಕೊಳ್ಳಬೇಕು. ಕಡಸು ಮೈ ತುಂಬುವ ಮೊದಲೇ ಗಬ್ಬ ಕಟ್ಟಿಸಬಾರದು ಎಂದು ಡಾಕ್ಟರು ಹೇಳುವ ಮಾತು ಇಲ್ಲಿ ನೆನಪಿಗೆ ಬಾರದೆ ಇರದು.

ಮೊದಲ ಗಂಟೆ, ಮೊದಲ ಆರು ತಿಂಗಳು

ಹೆರಿಗೆಯಾದ ಮೊದಲ ದಿನಗಳಲ್ಲಿ ಬರುವ ಹಳದಿ ಬಣ್ಣದ ಗಟ್ಟಿ ಹಾಲು ತಾಯಿಯ ಗಿಣ್ಣು. ಅದು ಕೆಟ್ಟ ಹಾಲು ಎಂದು ಹಿಂಡಿ ಚೆಲ್ಲುವವರು ಈಗಲೂ ಇದ್ದಾರೆ. ಅದರ ಬದಲು ಜೇನುತುಪ್ಪ, ಸಕ್ಕರೆ ನೀರು, ಹರಳೆಣ್ಣೆ, ಕೆಲವು ಕಡೆ ಕತ್ತೆ ಹಾಲು ನೆಕ್ಕಿಸುತ್ತಾರೆ. ಮಗುವಿನ ಹೊಟ್ಟೆಗೆ ಮೊದಲು ಹೋಗುವುದು ರೋಗ ತಡೆಯುವ ಶಕ್ತಿಯಾಗಬೇಕಿತ್ತು. ಹೋಗಿದ್ದು ಸೋಂಕಾದರೆ ಅಲ್ಲಿಂದಲೇ ತೊಂದರೆ ಶುರು.

ಆರು ತಿಂಗಳು ತುಂಬುವವರೆಗೆ ಎದೆಹಾಲು ಒಂದೇ ಸಾಕು. ಬೇಸಿಗೆಯಲ್ಲೂ ಬೇರೆ ನೀರು ಬೇಡ. ನಮ್ಮ ಮನೆಗಳಲ್ಲಿ ಹಸುವಿನ ಹಾಲು ಕೈಗೆಟಕುವಷ್ಟು ಹತ್ತಿರ ಇರುವುದರಿಂದ ಮೂರನೇ ತಿಂಗಳಿಗೇ ನೀರು ಬೆರೆಸಿ ಬಾಟಲಿಯಲ್ಲಿ ಕುಡಿಸುವುದು ಸುಲಭದ ದಾರಿಯಾಗಿ ಕಾಣುತ್ತದೆ. ಹಸುವಿನ ಹಾಲು ದೇವರು ಕರುವಿಗೆಂದು ಕೊಟ್ಟದ್ದು. ಎಳೆಗೂಸಿನ ಕರುಳು ಮತ್ತು ಮೂತ್ರಪಿಂಡಕ್ಕೆ ಅದು ಭಾರ, ಕಬ್ಬಿಣಾಂಶವೂ ಅದರಲ್ಲಿ ತೀರಾ ಕಡಿಮೆ. ನೀರು ಬೆರೆಸಿದರೆ ಸತ್ವವೂ ಹೋಯಿತು. ಬಾಟಲಿಯ ನಿಪ್ಪಲ್ಲಿನ ಸಂದಿಯನ್ನು ತೊಳೆಯುವುದು ಹಾಲಿನ ಕ್ಯಾನ್ ತೊಳೆಯುವುದಕ್ಕಿಂತ ಕಷ್ಟ. ತಾಯಿಗೆ ಹಾಲು ಸಾಲುತ್ತಿಲ್ಲ ಎನಿಸಿದರೆ ಬಾಟಲಿ ಹುಡುಕುವ ಮೊದಲು ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕೇಳಿ. ಮಗು ಹೆಚ್ಚು ಸಲ ಕುಡಿದಷ್ಟೂ ಹಾಲು ಹೆಚ್ಚುತ್ತದೆ.

ಬಾಣಂತಿಗೆ ಪಥ್ಯದ ಹೆಸರಿನಲ್ಲಿ ಸೊಪ್ಪು, ಹಣ್ಣು, ನೀರು ಕೂಡ ತಡೆಯುವ ಮನೆಗಳಿವೆ. ಕರೆಯುವ ಹಸುವಿಗೆ ನೀರು ಕಡಿಮೆ ಮಾಡಿದರೆ ಏನಾಗುತ್ತದೆ ಎಂದು ಆ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ.

ಆರು ತಿಂಗಳಾದ ಮೇಲೆ ಬೀಳುವ ಹಳ್ಳ

ಹೆಚ್ಚು ಮಕ್ಕಳು ಸೊರಗಲು ತೊಡಗುವುದು ಈ ಹಂತದಲ್ಲಿ. ದೇಶದಲ್ಲಿ 6ರಿಂದ 23 ತಿಂಗಳ ನೂರು ಮಕ್ಕಳಲ್ಲಿ ಸಾಕಷ್ಟು ಸಲ, ಸಾಕಷ್ಟು ಬಗೆಯ ಆಹಾರ ಸಿಗುತ್ತಿರುವುದು ಕೇವಲ 11 ಮಕ್ಕಳಿಗೆ.

ನಮ್ಮ ಕಥೆಯ ಮನೆಯಲ್ಲಿ ಏನಾಯಿತು? ಎಂಟು ತಿಂಗಳವರೆಗೂ ಗಟ್ಟಿ ಆಹಾರ ಕೊಡಲಿಲ್ಲ. ಆಮೇಲೆ ತೆಳ್ಳಗಿನ ಗಂಜಿ, ಅನ್ನದ ಮೇಲೆ ತಿಳಿ ಸಾರು, ಟೀಯಲ್ಲಿ ಅದ್ದಿದ ಬಿಸ್ಕತ್ತು. ಅಳುವಾಗ ಐದು ರೂಪಾಯಿಯ ಕುರುಕಲು ಪ್ಯಾಕೆಟ್. ಹೊಟ್ಟೆ ತುಂಬಿದಂತೆ ಕಂಡರೂ ಮಗುವಿಗೆ ಬೆಳೆಯಲು ಬೇಕಾದದ್ದು ಸಿಗಲಿಲ್ಲ. ಒಣಹುಲ್ಲು ಒಂದನ್ನೇ ಹಾಕಿದರೆ ಹಸುವಿನ ಹೊಟ್ಟೆಯೂ ತುಂಬುತ್ತದೆ, ಆದರೆ ಹಾಲು?

ಮಗುವಿನ ಹೊಟ್ಟೆ ಚಿಕ್ಕದು, ಬೆಳವಣಿಗೆಯ ವೇಗ ದೊಡ್ಡದು. ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ, ಹಲವು ಸಲ, ಗಟ್ಟಿಯಾಗಿ ಉಣಿಸಬೇಕು. ಚಮಚದಿಂದ ಸುರಿದರೆ ನೀರಿನಂತೆ ಹರಿಯಬಾರದು, ಚಮಚದಲ್ಲೇ ನಿಲ್ಲಬೇಕು. ಆರು ತಿಂಗಳಿಗೆ ಎರಡು ಮೂರು ಚಮಚದಿಂದ ಶುರು ಮಾಡಿ. ಒಂಬತ್ತು ತಿಂಗಳ ಹೊತ್ತಿಗೆ ಕಾಲು ಲೀಟರ್ ಹಿಡಿಯುವ ಬಟ್ಟಲಿನ ಅರ್ಧದಷ್ಟು, ವರ್ಷವಾದ ಮೇಲೆ ಮುಕ್ಕಾಲಿನಿಂದ ಪೂರ್ತಿ ಬಟ್ಟಲು ಒಂದು ಹೊತ್ತಿಗೆ. ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಆಮೇಲೆ ಮೂರು ನಾಲ್ಕು ಸಲ. ಜೊತೆಗೆ ಎರಡು ವರ್ಷದವರೆಗೂ ಎದೆಹಾಲು ಮುಂದುವರಿಯಲಿ.

ಬೇಕಾದದ್ದೆಲ್ಲ ಹಿತ್ತಲಲ್ಲಿ, ಅಂಗಳದಲ್ಲಿ ಇದೆ. ರಾಗಿ ಸರಿ, ಹೆಸರುಬೇಳೆ ಹಾಕಿದ ಮೆದು ಅನ್ನ, ಮೇಲೊಂದು ಚಮಚ ತುಪ್ಪ. ಬೇಯಿಸಿ ಅರೆದ ನುಗ್ಗೆ ಸೊಪ್ಪು, ಪರಂಗಿ ಹಣ್ಣು, ಬಾಳೆಹಣ್ಣು. ತಿನ್ನುವ ಮನೆಯಾದರೆ ಬೇಯಿಸಿದ ಮೊಟ್ಟೆ. ಮಗುವಿಗೆ ಬೇರೆ ತಟ್ಟೆ ಇಡಿ. ದೊಡ್ಡವರ ತಟ್ಟೆಯಿಂದ ತುತ್ತು ಕೊಟ್ಟರೆ ಅದು ಎಷ್ಟು ತಿಂದಿತು ಎನ್ನುವ ಲೆಕ್ಕವೇ ಸಿಗುವುದಿಲ್ಲ.

ಹಾಲು ಎಷ್ಟು, ಯಾವಾಗ?

ಆರು ತಿಂಗಳಾದ ಮೇಲೆ ಚೆನ್ನಾಗಿ ಕಾಯಿಸಿದ, ನೀರು ಬೆರೆಸದ ಹಾಲನ್ನು ಸರಿ ಮಾಡುವಾಗ ಸ್ವಲ್ಪ ಸೇರಿಸಬಹುದು, ಮೊಸರನ್ನವೂ ಒಳ್ಳೆಯದು. ವರ್ಷ ತುಂಬಿದ ಮೇಲೆ ದಿನಕ್ಕೆ ಒಂದೆರಡು ಲೋಟ ಹಾಲನ್ನು ಲೋಟದಲ್ಲೇ ಕುಡಿಸಿ. ಬೆಳವಣಿಗೆಗೆ ಬೇಕಾದ ಪ್ರೋಟೀನು, ಸುಣ್ಣದಂಶ ಅದರಲ್ಲಿದೆ.

ನಾವು ಹಾಲಿನವರೇ ಆದರೂ ಒಂದು ಮಾತು ಹೇಳಲೇಬೇಕು. ಹಾಲು ಒಂದೇ ಪೂರ್ಣ ಆಹಾರ ಎಂದು ನಂಬಿ ದಿನವಿಡೀ ಹಾಲನ್ನೇ ಕುಡಿಸಿದರೆ ಮಗುವಿಗೆ ಊಟದ ಹಸಿವು ಸಾಯುತ್ತದೆ, ಕಬ್ಬಿಣಾಂಶ ಸಾಲದೆ ರಕ್ತಹೀನತೆ ಬರುತ್ತದೆ. ಹಾಲು ಊಟದ ಜೊತೆಗಾರ, ಊಟದ ಬದಲಿ ಅಲ್ಲ. ಹಸಿ ಹಾಲನ್ನಂತೂ ಯಾರಿಗೂ ಕೊಡಬೇಡಿ. ಕಂದು ರೋಗ, ಕ್ಷಯದಂಥ ರೋಗಗಳು ಹಸಿ ಹಾಲಿನಿಂದ ಮನುಷ್ಯರಿಗೆ ಹರಡುತ್ತವೆ.

ಕೊಟ್ಟಿಗೆ, ಕೈ, ಭೇದಿ

ಕಥೆಯ ಮಗುವಿಗೆ ಒಂಬತ್ತನೇ ತಿಂಗಳಿನಿಂದ ಮೇಲಿಂದ ಮೇಲೆ ಭೇದಿ. ಹಲ್ಲು ಬರುತ್ತಿದೆ, ಅದಕ್ಕೇ ಎಂದರು. ಹಲ್ಲಿಗೂ ಭೇದಿಗೂ ಸಂಬಂಧವಿಲ್ಲ. ಆ ವಯಸ್ಸಿನಲ್ಲಿ ಮಗು ಅಂಬೆಗಾಲಿಡುತ್ತದೆ, ಸಿಕ್ಕಿದ್ದೆಲ್ಲ ಬಾಯಿಗಿಡುತ್ತದೆ. ಕೊಟ್ಟಿಗೆ, ಕೋಳಿ, ಅಂಗಳ ಎಲ್ಲ ಒಂದೇ ಕಡೆ ಇರುವ ಮನೆಯಲ್ಲಿ ಆ ಬಾಯಿಗೆ ಏನು ಹೋಗುತ್ತದೆ ಎಂದು ಹೇಳಬೇಕಾಗಿಲ್ಲ. ಒಂದೊಂದು ಸಲದ ಭೇದಿಯೂ ತಿಂದದ್ದನ್ನು ಹೊರಗೆ ಹಾಕುತ್ತದೆ, ಹಸಿವನ್ನು ಕೊಲ್ಲುತ್ತದೆ. ಸೊರಗಿದ ಮಗುವಿಗೆ ಮತ್ತೆ ಬೇಗ ಭೇದಿ ಬರುತ್ತದೆ. ಇದು ಗಾಣದ ಸುತ್ತು.

ಭೇದಿಯಾದಾಗ ಊಟ ನಿಲ್ಲಿಸುವುದು ನಮ್ಮಲ್ಲಿ ಬಹಳ ಕಾಲದಿಂದ ನಡೆದು ಬಂದ ತಪ್ಪು. ಎದೆಹಾಲು ನಿಲ್ಲಿಸಬೇಡಿ, ಮೆದು ಊಟ ನಿಲ್ಲಿಸಬೇಡಿ. ಓಆರ್‌ಎಸ್ ಕುಡಿಸಿ. ವೈದ್ಯರು ಹೇಳಿದಷ್ಟು ಜಿಂಕ್ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಪೂರ್ತಿ ಕೊಡಿ. ಮಗು ಮಂಕಾದರೆ, ಕಣ್ಣು ಒಳಗೆ ಹೋದರೆ, ಮಲದಲ್ಲಿ ರಕ್ತ ಕಂಡರೆ, ಏನನ್ನೂ ಕುಡಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಹಾಲು ಕರೆಯುವ ಮೊದಲು ಕೈ ತೊಳೆದು, ಕೆಚ್ಚಲು ತೊಳೆಯುವ ಅಭ್ಯಾಸ ನಿಮಗಿದೆ. ಸಗಣಿ ಬಾಚಿ ಬಂದ ಮೇಲೆ, ಮಗುವಿನ ಮಲ ತೊಳೆದ ಮೇಲೆ, ಉಣಿಸುವ ಮೊದಲು ಅದೇ ಅಭ್ಯಾಸ ಸೋಪಿನೊಂದಿಗೆ ಇರಲಿ. ಮಗು ಆಡಲು ಕೊಟ್ಟಿಗೆಯಿಂದ ದೂರ ಒಂದು ಚಾಪೆಯ ಜಾಗ ಮಾಡಿ.

ಆದರೆ ಶುಚಿತ್ವ ಒಂದರಿಂದಲೇ ಎಲ್ಲವೂ ಸರಿಹೋಗುವುದಿಲ್ಲ. ಬಾಂಗ್ಲಾದೇಶ, ಕೀನ್ಯಾ ಮತ್ತು ಜಿಂಬಾಬ್ವೆಯಲ್ಲಿ ಸಾವಿರಾರು ಕುಟುಂಬಗಳಲ್ಲಿ ನಡೆದ ಅಧ್ಯಯನಗಳಲ್ಲಿ ಶೌಚಾಲಯ, ಶುದ್ಧ ನೀರು, ಕೈ ತೊಳೆಯುವ ವ್ಯವಸ್ಥೆ ಮಾತ್ರ ಕೊಟ್ಟಾಗ ಮಕ್ಕಳ ಎತ್ತರ ಹೆಚ್ಚಲಿಲ್ಲ. ಪೂರಕ ಪೋಷಕಾಂಶ ಕೊಟ್ಟ ಮಕ್ಕಳು ಸ್ವಲ್ಪ ಹೆಚ್ಚು ಬೆಳೆದರು. ಅಪೌಷ್ಟಿಕತೆಗೆ ಒಂದೇ ಬೇರು ಇಲ್ಲ, ಒಂದೇ ಮದ್ದೂ ಇಲ್ಲ ಎನ್ನುವುದಕ್ಕೆ ಇದು ಸಾಕ್ಷಿ.

ಎಲ್ಲದರ ಹಿಂದೆ ಇರುವ ಕಾರಣ

1996ರಲ್ಲಿ ನಮ್ಮ ದೇಶದ ಹೆಸರಾಂತ ವೈದ್ಯ ವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಅವರ ಇಬ್ಬರು ಸಂಗಡಿಗರು ಯುನಿಸೆಫ್ ಪ್ರಕಟಣೆಯೊಂದರಲ್ಲಿ ಒಂದು ಪ್ರಶ್ನೆ ಎತ್ತಿದರು. ಆಫ್ರಿಕಾದ ಎಷ್ಟೋ ದೇಶಗಳಿಗಿಂತ ದಕ್ಷಿಣ ಏಷ್ಯಾದ ಸ್ಥಿತಿ ಉತ್ತಮವಾಗಿದ್ದರೂ ಇಲ್ಲಿನ ಮಕ್ಕಳೇ ಹೆಚ್ಚು ಸೊರಗಿರುವುದೇಕೆ? ಅವರು ಕಂಡುಕೊಂಡ ಮುಖ್ಯ ಉತ್ತರ ಹೆಂಗಸರ ಸ್ಥಿತಿ. ಅವಳು ಏನು ಉಣ್ಣುತ್ತಾಳೆ, ಎಷ್ಟು ದುಡಿಯುತ್ತಾಳೆ, ಮನೆಯಲ್ಲಿ ಅವಳ ಮಾತು ಎಷ್ಟು ನಡೆಯುತ್ತದೆ ಎನ್ನುವುದರ ಮೇಲೆ ಮಗುವಿನ ಬೆಳವಣಿಗೆ ನಿಂತಿದೆ.

ಇದನ್ನು ನಿಮ್ಮ ದಿನಕ್ಕೆ ಹೊಂದಿಸಿ ನೋಡಿ. ಪುಟ್ಟ ಮಗುವಿಗೆ ಒಂದು ಹೊತ್ತು ಉಣಿಸಲು ಅರ್ಧ ಗಂಟೆ ಬೇಕು. ದಿನಕ್ಕೆ ನಾಲ್ಕು ಸಲವೆಂದರೆ ಎರಡು ಗಂಟೆ. ಎರಡು ಹೊತ್ತು ಹಾಲು ಕರೆದು, ಡೇರಿಗೆ ಹಾಕಿ, ಮೇವು ತಂದು, ಅಡುಗೆ ಮಾಡಿ, ಹೊಲಕ್ಕೂ ಹೋಗುವ ತಾಯಿಗೆ ಆ ಎರಡು ಗಂಟೆ ಎಲ್ಲಿಂದ ಬರಬೇಕು? ತಾಯಿಗೆ ಗೊತ್ತಿಲ್ಲ ಎಂದು ಬೈಯುವುದು ಸುಲಭ. ಅವಳ ಕೈಯಲ್ಲಿ ಸಮಯವಿಲ್ಲ ಎನ್ನುವುದು ನಿಜವಾದ ಮಾತು. ಒಂದು ಹೊತ್ತಿನ ಹಾಲನ್ನು ಗಂಡ ಡೇರಿಗೆ ಹಾಕಿ ಬಂದರೆ, ಮೇವು ಕತ್ತರಿಸಿಕೊಟ್ಟರೆ, ಮಧ್ಯಾಹ್ನದ ತುತ್ತನ್ನು ಅಜ್ಜಿ ತಾಳ್ಮೆಯಿಂದ ಉಣಿಸಿದರೆ ಆ ಎರಡು ಗಂಟೆ ಹುಟ್ಟುತ್ತದೆ.

ಹಾಲಿನ ಬಟವಾಡೆಯ ಮಾತೂ ಹಾಗೆಯೇ. ಆ ಹಣ ನಿಮ್ಮ ದುಡಿಮೆ. ಹಿಂಡಿ, ಬೂಸಾದ ಬಾಕಿ ಕಳೆದು ಉಳಿದದ್ದರಲ್ಲಿ ವಾರಕ್ಕಿಷ್ಟು ಬೇಳೆ, ಮೊಟ್ಟೆ, ಹಣ್ಣಿಗೆ ಎಂದು ಮೊದಲೇ ತೆಗೆದಿಡಿ.

ಹತ್ತಿರದಲ್ಲೇ ಇರುವ ನೆರವು

ಅಂಗನವಾಡಿಯಲ್ಲಿ ಪ್ರತಿ ತಿಂಗಳು ಮಗುವಿನ ತೂಕ ಹಾಕಿಸಿ. ಫ್ಯಾಟ್ ಒಂದು ಪಾಯಿಂಟ್ ಇಳಿದರೆ ಅಂದೇ ಕಾರಣ ಕೇಳುವವರು ನೀವು. ತಾಯಿ ಕಾರ್ಡಿನ ಗೆರೆ ಎರಡು ತಿಂಗಳು ಮೇಲೇರದೆ ನಿಂತರೆ ಹಾಗೆಯೇ ಕೇಳಿ. ಆರು ತಿಂಗಳಿನಿಂದ ಐದು ವರ್ಷದ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ, ಅಥವಾ ಎರಡೂ ಪಾದಗಳಲ್ಲಿ ಊತ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವನ್ನು ಕೂಡಲೇ ಆಸ್ಪತ್ರೆಗೆ ತೋರಿಸಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ.

ಗರ್ಭಿಣಿ ಮತ್ತು ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಶುರುವಾಯಿತು. ನಾಚಿಕೆ ಪಡದೆ ಹೋಗಿ ಉಣ್ಣಿ, ಸೊಸೆಯನ್ನು ಕಳುಹಿಸಿ. ಇನ್ನು 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ನಿಮಗೆ ಗೊತ್ತೇ ಇದೆ. ನೀವು ಸಂಘಕ್ಕೆ ಹಾಕಿದ ಹಾಲೇ ಪುಡಿಯಾಗಿ ಅಂಗನವಾಡಿಗೆ, ಶಾಲೆಗೆ ಹೋಗಿ ಮಕ್ಕಳ ಲೋಟಕ್ಕೆ ಬರುತ್ತದೆ. ಊರಿನ ಮಕ್ಕಳಿಗೆ ಹಾಲು ಕೊಟ್ಟವರು ನೀವು. ನಿಮ್ಮ ಮನೆಯ ಮಗು ಅದರಿಂದ ಹೊರಗುಳಿಯಬಾರದು.

ಸಂಘದ ಮುಂದಿನ ಸಭೆಯಲ್ಲಿ ಅರ್ಧ ಗಂಟೆ ಈ ವಿಷಯಕ್ಕೆ ಇಡಿ. ಅಂಗನವಾಡಿ ಕಾರ್ಯಕರ್ತೆಯನ್ನು ಕರೆಸಿ, ಸದಸ್ಯೆಯರೆಲ್ಲ ತಾಯಿ ಕಾರ್ಡ್ ತನ್ನಿ. ಯಾವ ಮಗುವಿನ ಗೆರೆ ಎಲ್ಲಿದೆ ಎಂದು ಒಟ್ಟಿಗೆ ಕುಳಿತು ನೋಡಿ. ಯಾರನ್ನೂ ದೂರುವುದು ಬೇಡ, ಆ ತಾಯಿಗೆ ಯಾವ ಕೆಲಸದಲ್ಲಿ ಕೈ ಜೋಡಿಸಬಹುದು ಎಂದು ಕೇಳಿ.

ನಮ್ಮ ಕಥೆಯ ಮಗುವಿಗೆ ಇನ್ನೂ ಒಂದೂವರೆ ವರ್ಷ. ಎರಡು ವರ್ಷ ತುಂಬಲು ಆರು ತಿಂಗಳಿದೆ. ಕಳೆದ ಎತ್ತರವೆಲ್ಲ ಮರಳಿ ಬಾರದಿರಬಹುದು, ಆದರೆ ಇಂದಿನಿಂದ ಸರಿಯಾಗಿ ಉಣಿಸಿದರೆ ತೂಕ ಏರುತ್ತದೆ, ರೋಗ ಕಡಿಮೆಯಾಗುತ್ತದೆ, ಮಗುವಿನ ಚುರುಕು ಹೆಚ್ಚುತ್ತದೆ. ನಾಳೆ ಬೆಳಿಗ್ಗೆ ಕ್ಯಾನ್ ಎತ್ತಿಕೊಂಡು ಡೇರಿಗೆ ಹೊರಡುವ ಮೊದಲು ಎರಡು ಲೋಟ ಹಾಲು ಮನೆಯಲ್ಲಿ ಎತ್ತಿಡಿ. ಒಂದು ವರ್ಷ ದಾಟಿದ ಮಗುವಿಗೆ ಒಂದು, ನಿಮಗೆ ಇನ್ನೊಂದು.